ಉಗುಳು ಹಚ್ಚಬ್ಯಾಡ

"ಮತ್ತ ಉಗುಳು ಹಚ್ಚಿದಿ? ಏ ಬುಡ್ಡಿ, ಎಷ್ಟ ಸಲ ಬೊಗಳಬೇಕ ನಿನಗ? ಈ ದಾರ ನಿಮ್ಮಪ್ಪ ತಂದಿಟ್ಟಾನೇನ?"

ನಮಗೆ ಹೊಲಿಗೆ ಕೆಲಸ ಹಂಚುವ ಮುಜೀಬೋದ್ದೀನ ಸೇಠ ಅಮ್ಮಿಯ ಕೈಯಿಂದ ಸೂಜಿ ಕಸಿದುಕೊಂಡ. ದಾರದ ತುದಿಯನ್ನು ಬೆಳಕಿಗೆ ಹಿಡಿದು ನೋಡಿ, ಮೂಗು ಮುರಿದು, ಕತ್ತರಿಸಿ ಎಸೆದ.

"ಮಾತಾಡಲ್ಲ? ಬಾಯಾಗ ನಾಲಗಿ ಇಲ್ಲೇನ?"

ನಾಲಿಗೆ ಇತ್ತು. ದನಿ ಇರಲಿಲ್ಲ. ರಮಜಾನಿಗೆ ಮುಂಚೆ ಗಂಟಲಿನ ಗಡ್ಡೆಗೆ ಆಪರೇಷನ್ ಆದಾಗ ಡಾಕ್ಟರು ಗಡ್ಡೆಯ ಜೊತೆ ಅದನ್ನೂ ತೆಗೆದಿದ್ದರು. ಈಗ ಕೊರಳಲ್ಲಿ ಒಂದು ತೂತು, ಅದರ ಮೇಲೆ ತೆಳು ಮಲ್‌ಮಲ್ ಬಟ್ಟೆ. ಅಮ್ಮಿ ಉಸಿರಾಡುವುದು ಅಲ್ಲಿಂದಲೇ. ಸೇಠನಿಗೆ ಇದು ಗೊತ್ತು. ಗೊತ್ತಿದ್ದೇ ಕೇಳುತ್ತಾನೆ.

"ಸೇಠ, ಆಕಿಗಿ ಮಾತ ಬರಲ್ಲ ಅಂತ ನಿಮಗ ಗೊತ್ತದಲ್ರಿ," ಅಂದೆ ನಾನು.

"ನಿನಗ ಬರ್ತದಲ್ಲ, ನೀ ಹೇಳು ನಿಮ್ಮವ್ವಗ. ಕಾಲೇಜಿಗಿ ಹೋಗಿ ಬರೀ ಎದುರ ಮಾತಾಡದು ಕಲ್ತಿ."

ನಮ್ಮ ಗಲ್ಲಿಯಲ್ಲಿ ಉಗುಳು ಹಚ್ಚದೆ ಸೂಜಿಗೆ ದಾರ ಪೋಣಿಸುವ ಹೆಂಗಸೇ ಇಲ್ಲ. ನಾಲಿಗೆ, ತುಟಿ, ಬೆರಳು, ಸೂಜಿ. ಅಮ್ಮಿ ಆರು ವರ್ಷದವಳಿದ್ದಾಗ ಅವಳ ನಾನಿ ಕಲಿಸಿದ್ದೇ ಹೀಗೆ. ಆದರೆ ಇದು ಜರಿಯಲ್ಲ, ಕರೆಂಟಿನ ದಾರ. ಒಳಗೆ ಕೂದಲಿನಂಥ ಉಕ್ಕಿನ ಎಳೆ. ಬೆಂಗಳೂರಿನ ಊರ್ಮಿಳಾ ಮೇಡಂ ತಂದ ಕೆಲಸ. ಈ ದಾರದಲ್ಲಿ ಶಾಲಿನ ಮೇಲೆ ಹೂ ಹೊಲಿಯಬೇಕು. ಬೆರಳಿಟ್ಟರೆ ಹೂವಿನೊಳಗೆ ದೀಪ ಹತ್ತುತ್ತದೆ, ಶಾಲು ಹಾಡುತ್ತದೆ. ಉಗುಳು ತಾಗಿದರೆ ಕರೆಂಟು ಹೋಗಬಾರದ ಕಡೆಯೆಲ್ಲ ಹರಿಯುತ್ತದಂತೆ.

ಮರುದಿನ ಸೇಠ ಮಾಸ್ಕಿನ ಡಬ್ಬಿ ತಂದ.

"ಎಲ್ರೂ ಬಾಯಿ ಕಟ್ಕೋರಿ. ಮೇಡಂ ಆರ್ಡರ್."

ಭಾಲ್ಕಿಯಿಂದ ದಿನಾ ಬಸ್ಸಿಗೆ ಬರುವ ಮಾರ್ಗರೆಟಕ್ಕ ಮಾಸ್ಕನ್ನು ಎರಡು ಬೆರಳಲ್ಲಿ ಸತ್ತ ಇಲಿ ಹಿಡಿದಂತೆ ಹಿಡಿದಳು. "ದನಕ್ಕ ರಾಶಿ ಮಾಡಾಗ ಕಾಳ ತಿನಬಾರದಂತ ಬಾಯಿಗಿ ಕುಕ್ಕಿ ಕಟ್ತಾರ, ಹಂಗೇನ್ರೀ ಸೇಠ?"

"ಹಂಗೇ ಅನ್ಕೋ."

"ದನಾನಾದ್ರ ಕೊಂಬಿಲೆ ಹಾಯ್ತಿತ್ತು," ಅಂದಳು ಅಕ್ಕ. ಎಲ್ಲರೂ ನಕ್ಕೆವು. ನಕ್ಕು ಮಾಸ್ಕು ಕಟ್ಟಿಕೊಂಡೆವು. ಅಮ್ಮಿಗೆ ಉಸಿರು ಇರುವುದೇ ಕೊರಳಲ್ಲಿ, ಆದರೂ ಬಾಯಿಗೆ ಕಟ್ಟಿಸಿದರು.

ಶಾಲಿನ ಹಾಡು ಯಾರದು ಗೊತ್ತೇ? ಅಮ್ಮಿಯದು.

ಹೋದ ದೀಪಾವಳಿ ಹೊತ್ತಿಗೆ ಮೇಡಂ ಮೊದಲ ಸಲ ನಮ್ಮ ಮನೆಗೆ ಬಂದಾಗ ಅಮ್ಮಿ ಹೊಲಿಯುತ್ತಾ ಬೀಸುಕಲ್ಲಿನ ಹಾಡು ಗುನುಗುತ್ತಿದ್ದಳು. "ಘೂಮ್ ಗೇ ಚಕ್ಕೀ, ಹೌಲೇ ಘೂಮ್, ಬಚ್ಚೀ ಮೇರೀ ಸೋರೀ ಹೈ." ತಿರುಗೇ ಬೀಸುಕಲ್ಲೇ, ಮೆಲ್ಲಗೆ ತಿರುಗು, ನನ್ನ ಕೂಸು ಮಲಗಿದೆ. ಮೇಡಂ ಕಣ್ಣಲ್ಲಿ ನೀರು ತಂದುಕೊಂಡು ರೆಕಾರ್ಡ್ ಮಾಡಿಕೊಂಡರು. ಆಗಲೇ ದನಿ ಸ್ವಲ್ಪ ಒಡೆದಿತ್ತು. ನಾವು ಥಂಡಿ ಅಂದುಕೊಂಡಿದ್ದೆವು.

ನನ್ನ ಫೋನಿನಲ್ಲಿ ಬೆಕ್ಕಿನ ವಿಡಿಯೋ ಇವೆ, ಗೆಳತಿಯರ ಜೊತೆ ಕೋಟೆಯಲ್ಲಿ ಕುಣಿದ ರೀಲುಗಳಿವೆ, ಬಿರಿಯಾನಿಯ ಫೋಟೋಗಳಂತೂ ಲೆಕ್ಕವಿಲ್ಲ. ಅಮ್ಮಿಯ ದನಿ ಇಲ್ಲ. ದಿನಾ ಬೈಯುವ ದನಿಯನ್ನು ಯಾರು ತುಂಬಿಟ್ಟುಕೊಳ್ಳುತ್ತಾರೆ?

ಆಪರೇಷನ್ ಆದ ಮೇಲೆ ಒಂದು ಮಧ್ಯಾಹ್ನ ಅಮ್ಮಿ ತನ್ನ ಕೊರಳು ಮುಟ್ಟಿ, ಕಿವಿ ಮುಟ್ಟಿ, ಶಾಲಿನ ಕಡೆ ಕೈ ತೋರಿಸಿದಳು. ಅರ್ಥವಾಯಿತು. ಕೆಲಸ ನೋಡಲು ಬಂದಿದ್ದ ಮೇಡಂ ಹತ್ತಿರ ಓಡಿದೆ.

"ಮೇಡಂ, ಆ ಹಾಡು ನನ್ನ ಫೋನಿಗಿ ಕಳಿಸ್ರಿ. ಅಮ್ಮಿ ಒಮ್ಮಿ ಕೇಳ್ತಾಳಂತ."

"ಅದು ಈಗ ಪ್ರಾಜೆಕ್ಟ್‌ದಮ್ಮಾ. ಹಾಗೆಲ್ಲ ಶೇರ್ ಮಾಡೋಕಾಗಲ್ಲ. ಎಕ್ಸಿಬಿಷನ್‌ನಲ್ಲಿ ಕೇಳ್ಸೋಣ, ಆಯ್ತಾ?"

"ದನಿ ಅಮ್ಮೀದೇ ಅದಲ್ರಿ?"

"ದನಿ ಅವರದೇ. ರೆಕಾರ್ಡಿಂಗ್ ನಮ್ದು."

ಬಿ.ಎ. ಎರಡನೇ ವರ್ಷದಲ್ಲಿದ್ದೇನೆ. ಈ ಪಾಠ ಇನ್ನೂ ಬಂದಿಲ್ಲ.

ಪ್ರದರ್ಶನ ಕೋಟೆ ರಸ್ತೆಯ ಹಳೆಯ ಹವೇಲಿಯಲ್ಲಿ. ಒಂದೇ ದಿನ. ಮರುದಿನ ಶಾಲು ವಿಮಾನ ಹತ್ತಿ ಯಾವುದೋ ದೇಶದ ಮ್ಯೂಸಿಯಮ್ಮಿಗೆ ಹೋಗುತ್ತದೆ. ಅಮ್ಮಿಗೆ ತನ್ನ ದನಿ ಕೇಳಲು ಆ ದಿನ ಬಿಟ್ಟರೆ ಬೇರೆ ದಿನವಿಲ್ಲ. ಅವಳು ಈದಿಗೆ ಹೊಲಿಸಿದ ಸಲ್ವಾರ್ ಕಮೀಜ್ ಹಾಕಿಕೊಂಡು ಬಂದಳು.

ಬಂದರೆ ಸೇಠ ನಮ್ಮನ್ನು ಬಾಗಿಲ ಪಕ್ಕದ ಚಾಪೆಯ ಮೇಲೆ ಕೂರಿಸಿದ. ಮಾಸ್ಕು ಕಟ್ಟಿಕೊಂಡು ಸುಮ್ಮನೆ ಹೊಲಿಯುತ್ತಿರಬೇಕು, ಬಂದವರು ನೋಡಲಿಕ್ಕೆ. ಶಾಲು ನಡುಮನೆಯಲ್ಲಿ ಒಂದು ಗೊಂಬೆಯ ಹೆಗಲ ಮೇಲಿತ್ತು. ಗೊಂಬೆಗೆ ತಲೆ ಇರಲಿಲ್ಲ.

ಸೆಂಟಿನ ವಾಸನೆಯ ಒಬ್ಬ ಹೆಂಗಸು ಹೂವಿನ ಮೇಲೆ ಬೆರಳಿಟ್ಟಳು.

ಘೂಮ್ ಗೇ ಚಕ್ಕೀ...

ಅಮ್ಮಿಯ ಸೂಜಿ ನಿಂತಿತು. ಬೆರಳು ತೆಗೆದಾಗ ಹಾಡು ಅರ್ಧಕ್ಕೇ ಕಡಿದುಹೋಯಿತು. ಇನ್ನೊಬ್ಬರು ಮುಟ್ಟಿದರು. ಮಕ್ಕಳು ಮುಟ್ಟಿದರು. ಅಮ್ಮಿ ತುಂಡು ತುಂಡಾಗಿ ಹಾಡುತ್ತಿದ್ದಳು, ಅವರೆಲ್ಲ ನಗುತ್ತಿದ್ದರು.

"ಯಾರ ದನಿ ಇದು?" ಅಂತ ಸೂಟಿನ ಮನುಷ್ಯನೊಬ್ಬ ಕೇಳಿದ.

"ಇಲ್ಲಿನ ಒಂದು ಜನಪದ ದನಿ ಸರ್," ಅಂದರು ಮೇಡಂ.

ಅಮ್ಮಿ ಎದ್ದು ನಿಂತಳು. ಸೇಠ ಅಡ್ಡ ಬಂದ. "ಎಲ್ಲಿಗಿ? ಕೂಡು. ಹೊಲಸ ಕೈಲೇ ಮುಟ್ಟಬ್ಯಾಡ ಅದಕ್ಕ."

ಚಾಪೆಯಿಂದಲೇ ಮಾರ್ಗರೆಟಕ್ಕ ಕೂಗಿದಳು. "ಹೊಲಿಯಾಗ ಆ ಕೈ ಹೊಲಸ ಇರ್ಲಿಲ್ಲೇನಲೇ ಭಾಡ್ಯಾ?"

ಎಲ್ಲರೂ ತಿರುಗಿದರು. ಮೇಡಂ ಬೇಗ ಬೇಗ ನಕ್ಕರು. "ಬನ್ನಿ ಅಮ್ಮಾ, ಬನ್ನಿ, ನೀವೂ ಮುಟ್ಟಿ. ಒಳ್ಳೆ ಫೋಟೋ ಆಗುತ್ತೆ."

ಅಮ್ಮಿ ಹೂವಿನ ಮೇಲೆ ಹೆಬ್ಬೆರಳಿಟ್ಟಳು.

ಏನೂ ಇಲ್ಲ.

ಒತ್ತಿದಳು. ಇನ್ನೂ ಒತ್ತಿದಳು. ದೀಪವಿಲ್ಲ, ಹಾಡಿಲ್ಲ. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮಷಿನ್ನೂ ಹೀಗೇ. ಅಮ್ಮಿಗೆ ಬೆರಳೇ ಇಲ್ಲ ಅನ್ನುತ್ತದೆ. ಸೂಜಿ ಚುಚ್ಚಿ ಚುಚ್ಚಿ ಗೆರೆಯೆಲ್ಲ ಅಳಿಸಿ, ಚರ್ಮ ಒಣಗಿದ ಚಪ್ಪಲಿಯ ಅಟ್ಟೆಯಾಗಿದೆ.

"ಸ್ಕಿನ್ ತುಂಬಾ ಡ್ರೈ ಇದೆ," ಅಂದ ಮೇಡಂ ಜೊತೆ ಬಂದಿದ್ದ ಎಂಜಿನಿಯರ್. "ಇಂಥ ಕೈಗೆ ರೆಸ್ಪಾಂಡ್ ಮಾಡಲ್ಲ."

"ಪರವಾಗಿಲ್ಲ, ಫೋಟೋಗೆ ಸಾಕು," ಅಂದರು ಮೇಡಂ. ಕ್ಯಾಮೆರಾ ಮಿಂಚಿತು. ಯಾರೋ ಕಿಸಕ್ಕೆಂದರು. ಸೇಠ ಅಮ್ಮಿಯ ರಟ್ಟೆ ಹಿಡಿದ. "ಆತಲ್ಲ? ನಡಿ ಈಗ."

ಅಮ್ಮಿ ರಟ್ಟೆ ಬಿಡಿಸಿಕೊಂಡಳು. ಮಾಸ್ಕನ್ನು ಗದ್ದಕ್ಕೆ ಎಳೆದಳು. ಸೇಠನ ಮುಖವನ್ನೇ ನೋಡುತ್ತಾ ನಾಲಿಗೆ ಹೊರಚಾಚಿ, ಹೆಬ್ಬೆರಳನ್ನು ಬುಡದಿಂದ ತುದಿಯವರೆಗೆ ನೆಕ್ಕಿದಳು.

"ಏ, ಉಗುಳು!" ಅಂತ ಚೀರಿದ ಸೇಠ.

ಅಮ್ಮಿ ಒತ್ತಿದಳು.

ಒಂದು ಹೂವಲ್ಲ, ಅದರ ಪಕ್ಕದ್ದು, ಅದರಾಚೆಯದು, ಗೊಂಬೆಯ ಎದೆಯ ಮೇಲಿನ ಹೂವೆಲ್ಲ ಹತ್ತಿಕೊಂಡವು. ಘೂಮ್ ಗೇ ಚಕ್ಕೀ, ಹೌಲೇ ಘೂಮ್. ಒಡೆದ ದನಿ, ಮುಂಜಾನೆ ನನಗೆ ಏಳು ಅಂತ ಬೈಯುತ್ತಿದ್ದ ದನಿ, ಹವೇಲಿಯ ಸೂರಿನವರೆಗೆ ಏರಿತು. ಅಮ್ಮಿ ಕಣ್ಣು ಮುಚ್ಚಿ, ದನಿಯಿಲ್ಲದ ತುಟಿಗಳನ್ನು ಹಾಡಿನ ಜೊತೆ ಅಲುಗಿಸಿದಳು.

"ಸಾಕು ಅಮ್ಮಾ, ಶಾರ್ಟ್ ಆಗುತ್ತೆ! ಕೈ ತೆಗೀರಿ!"

ಅಮ್ಮಿ ಕೈ ತೆಗೆಯಲಿಲ್ಲ. ಇನ್ನೊಂದು ಕೈಯಿಂದ ಗೊಂಬೆಯ ಹೆಗಲಿಂದ ಶಾಲು ಎಳೆದು ಹೊದ್ದುಕೊಂಡಳು. ಗೊಂಬೆ ದಬಾರನೆ ಬಿತ್ತು. ಬಾಗಿಲ ಕಡೆ ನಡೆದಳು, ನಾನೂ ಹಿಂದೆಯೇ. ಸೇಠ ಶಾಲಿನ ತುದಿ ಹಿಡಿಯಲು ಓಡಿ ಬಂದ. ಮಾರ್ಗರೆಟಕ್ಕ ಕಾಲು ಅಡ್ಡ ಚಾಚಿದಳು. ಅವನು ಬಿದ್ದ ಸದ್ದು ಕೇಳಿದೆ, ತಿರುಗಿ ನೋಡಲಿಲ್ಲ.

ಬೀದಿಯಲ್ಲಿ ನನ್ನ ಅಮ್ಮಿ, ಬಾಯಿಲ್ಲದ ವಹೀದಾ, ಹಾಡುತ್ತಾ ಹೋಗುತ್ತಿದ್ದಳು. ಬೆರಳು ಒಣಗಿದರೆ ನೆಕ್ಕುವಳು, ಮತ್ತೆ ಒತ್ತುವಳು. ಚೌಬಾರಾ ಗೋಪುರದ ಹತ್ತಿರ ಆಟೋದವರು ಹಾರ್ನ್ ನಿಲ್ಲಿಸಿದರು. ಹಣ್ಣಿನ ಗಾಡಿಯ ಉಸ್ಮಾನ ಮಿಯಾ ಬಾಯಿ ತೆರೆದು ನಿಂತ. "ಇದು ವಹೀದಾ ಆಪಾನ ಆವಾಜ ಅಲ್ಲೇನ?"

ಹಿಂದಿನಿಂದ ಬೈಗುಳ ಬರುತ್ತಿತ್ತು. ಯಾರೋ "ಪೊಲೀಸರಿಗಿ ಫೋನ್ ಹಚ್ರಿ" ಅನ್ನುತ್ತಿದ್ದರು.

ಶಾಲಿನ ಅಂಚಿನಲ್ಲಿ ಸಣ್ಣ ಕೆಂಪು ದೀಪ ಮಿಣುಕತೊಡಗಿತು. ಅದು ಎಂಜಿನಿಯರ್ ಕೂರಿಸಿದ್ದು. ಬ್ಯಾಟರಿ ಮುಗಿಯುತ್ತಿದೆ ಎಂದು ಅದರರ್ಥ. ಚಾರ್ಜರ್ ಹವೇಲಿಯಲ್ಲಿತ್ತು.

ಅಮ್ಮಿಗೆ ಅದು ಗೊತ್ತಿರಲಿಲ್ಲ. ಇನ್ನೊಂದು ಹೂವು ಹತ್ತಿತು ಅಂದುಕೊಂಡು, ಅದನ್ನು ನನಗೆ ತೋರಿಸಿ ನಕ್ಕಳು.