ಮೂಗು ಇಳಿಸು

ವಿಮಾನ ಕಲಿಸುವ ಆ ಶಾಲೆಯಲ್ಲಿ ಮೇಷ್ಟ್ರು ತಾವೇ ವಿಮಾನ ಹತ್ತುತ್ತಿರಲಿಲ್ಲ. ಒಳಗಿವಿಯ ಕಾಯಿಲೆಯಿಂದ ತಲೆಸುತ್ತು ಗಂಟುಬಿದ್ದು ಲೈಸೆನ್ಸ್ ಹೋಗಿತ್ತು. ಹೊಸಬರಿಗೆ ಗಾಳಿಯ ಪಾಠ ಹೇಳುವುದೊಂದು ಉಳಿದಿತ್ತು: ರೆಕ್ಕೆ ಹೇಗೆ ಎತ್ತುತ್ತದೆ, ಯಾವಾಗ ಕೈಕೊಡುತ್ತದೆ.

ಆ ಸಲದ ತಂಡದಲ್ಲಿ ಮೂವತ್ತೆಂಟರ ಹೆಂಗಸೊಬ್ಬಳಿದ್ದಳು. ಹನ್ನೆರಡು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಉಳಿದವರೆಲ್ಲ ಇಪ್ಪತ್ತರ ಆಸುಪಾಸಿನವರಾದ್ದರಿಂದ ಅವಳು ಎಲ್ಲರಿಗೂ ಬಸ್ಸಕ್ಕ.

“ವೇಗ ಕಮ್ಮಿ ಇದ್ದಾಗ ಮೂಗು ಮೇಲೆತ್ತಿದ್ರೆ ಏನಾಗುತ್ತೆ?” ಎಂದು ಮೇಷ್ಟ್ರು ಕೇಳಿದರೆ ಮೊದಲು ಏಳುತ್ತಿದ್ದುದು ಅವಳ ಕೈ.

“ರೆಕ್ಕೆ ಮೇಲಿನ ಗಾಳಿ ಚೆಲ್ಲಾಪಿಲ್ಲಿ ಆಗುತ್ತೆ ಸಾರ್. ಎತ್ತೋ ಶಕ್ತಿ ಹೋಗಿ ದಬಕ್ಕಂತ ಬೀಳ್ತೀವಿ.”

“ಆಗೇನು ಮಾಡ್ಬೇಕು?”

“ಮೂಗು ಇಳಿಸ್ಬೇಕು, ಇಂಜಿನ್‌ಗೆ ಪೂರ್ತಿ ಬಲ ಕೊಡ್ಬೇಕು. ನೆಲ ಹತ್ರ ಇದ್ರೂ ಇಳಿಸ್ಲೇಬೇಕು.” ನಕ್ಕು ಸೇರಿಸಿದಳು, “ಬಸ್ಸೇ ವಾಸಿ ಸಾರ್, ನಿಂತ್ರೆ ನಿಂತಲ್ಲೇ ಇರುತ್ತೆ.”

ತರಗತಿ ಗೊಳ್ಳೆಂದಿತು. ಪರೀಕ್ಷೆಯಲ್ಲಿ ಅವಳಿಗೆ ತೊಂಬತ್ತಾರು ಬಂತು.

ಅವಳು ಮೊದಲ ಸಲ ಒಂಟಿಯಾಗಿ ಹಾರಿದ ಬೆಳಿಗ್ಗೆ ಮೇಷ್ಟ್ರು ಬಯಲಿನ ಅಂಚಿಗೆ ಬಂದು ನಿಂತರು. ಪಕ್ಕದಲ್ಲಿ ಅವಳಿಗೆ ಹಾರಾಟ ಕಲಿಸಿದ ಕ್ಯಾಪ್ಟನ್, ಕೈಯಲ್ಲಿ ರೇಡಿಯೊ. ವಿಮಾನ ಸಲೀಸಾಗಿ ಏರಿತು, ಒಂದು ಸುತ್ತು ಹಾಕಿ ಇಳಿಯಲು ತಿರುಗಿತು. ತುಸು ಕೆಳಗಿತ್ತು, ತುಸು ನಿಧಾನವೂ ಆಗಿತ್ತು. ಓಡುದಾರಿ ಇನ್ನೂ ದೂರವಿರುವಾಗಲೇ ಅದರ ಮೂಗು ಮೇಲಕ್ಕೇಳತೊಡಗಿತು.

“ಮೂಗು ಇಳ್ಸು, ಬಲ ಕೊಡು!” ಕ್ಯಾಪ್ಟನ್ ರೇಡಿಯೊದಲ್ಲಿ ಕೂಗಿದರು.

ಉತ್ತರವಿಲ್ಲ. ಬದಲಿಗೆ ಅವಳ ಏದುಸಿರು ಕೇಳಿಬಂತು. ಭಯದಲ್ಲಿ ಮೂಗೆತ್ತುವ ಹಿಡಿಕೆಯನ್ನು ಬಿಗಿಯಾಗಿ ತನ್ನತ್ತ ಎಳೆದು ಹಿಡಿದವಳ ಹೆಬ್ಬೆರಳು ಮಾತಿನ ಬಟನ್ ಮೇಲೇ ಕೂತುಬಿಟ್ಟಿತ್ತು. ಅದು ಒತ್ತಿಕೊಂಡಿರುವಷ್ಟು ಹೊತ್ತು ಅವಳ ಮಾತು ಇವರಿಗೆ ಕೇಳುತ್ತದೆ, ಇವರದು ಅವಳಿಗೆ ಮುಟ್ಟುವುದಿಲ್ಲ.

“ಬಟನ್ ಬಿಡಮ್ಮಾ!” ಎಂದು ಮೇಷ್ಟ್ರು ಬರಿಗಂಟಲಲ್ಲೇ ಅರಚಿದರು, ಬಯಲಿನ ಆಚೆಗೆ ಅದು ಕೇಳಿಸುತ್ತದೇನೋ ಎಂಬಂತೆ.

ರೇಡಿಯೊದಲ್ಲಿ ಅವಳ ದನಿ ಬಂತು. “ಮೂಗು ಇಳಿಸ್ಬೇಕು... ಮೂಗು ಇಳಿಸ್ಬೇಕು...” ಬಾಯಿಪಾಠ ಒಪ್ಪಿಸುವ ಹಾಗೆ ಹೇಳುತ್ತಲೇ ಇದ್ದಳು. ಮೂಗು ಮಾತ್ರ ಮೇಲೇರುತ್ತಲೇ ಇತ್ತು. ಒಂದು ರೆಕ್ಕೆ ವಾಲಿತು. ನಾಲ್ಕಾಳೆತ್ತರದಿಂದ ವಿಮಾನ ಹುಲ್ಲಿನ ಮೇಲೆ ಬಿತ್ತು.

ಜೀವಕ್ಕೇನೂ ಆಗಲಿಲ್ಲ. ಬೆನ್ನುಮೂಳೆ ಮುರಿದಿತ್ತು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಅವಳ ಗಂಡ, ಎಲೆಕ್ಟ್ರಿಷಿಯನ್, ಕೆಲಸದ ಬಟ್ಟೆಯಲ್ಲೇ ಕೂತಿದ್ದ. “ಏನ್ ತಪ್ಪು ಮಾಡಿದ್ಲು ಸಾರ್?” ಎಂದು ಕೇಳಿದ. ಮೇಷ್ಟ್ರು ಬಿಡಿಸಿ ಹೇಳಿದರು. ಅವನು ಕೊನೆಯವರೆಗೂ ತಲೆಯಾಡಿಸುತ್ತ ಕೇಳಿಸಿಕೊಂಡ.

“ಇದನ್ನೆಲ್ಲ ಅವಳು ಮನೇಲಿ ನಂಗೇ ಹೇಳ್ಕೊಡ್ತಿದ್ಲಲ್ಲ ಸಾರ್,” ಎಂದ. “ಗೊತ್ತಿದ್ದೂ ಯಾಕೆ ಹಂಗ್ ಮಾಡಿದ್ಲು?”

ಇಪ್ಪತ್ತೆರಡು ವರ್ಷ ಪಾಠ ಹೇಳಿದ ಮೇಷ್ಟ್ರು ವಾರ್ಡಿನ ಬಾಗಿಲು ತಳ್ಳಿದರು.

ಒಳಗೆ ಅವಳಿಗೆ ಎಚ್ಚರವಿತ್ತು. ಮೇಷ್ಟ್ರನ್ನು ಕಂಡು ಎದ್ದು ಕೂರಲು ಹೊರಟಳು, ಆಗಲಿಲ್ಲ.

“ಸಾರ್, ಕಾಲ್ ಮೇಲೆ ಹೊದಿಕೆ ಇದೆಯಾ ನೋಡಿ. ನಂಗೆ ಗೊತ್ತಾಗ್ತಿಲ್ಲ.”

ಹೊದಿಕೆ ಪಾದದವರೆಗೂ ಇತ್ತು. ಮೇಷ್ಟ್ರು ಅದನ್ನೇ ಇನ್ನೊಮ್ಮೆ ಸರಿಮಾಡಿದರು. ಅವರ ಕೈ ತನ್ನ ಕಾಲಿಗೆ ತಾಗಿದ್ದು ಅವಳಿಗೆ ತಿಳಿಯಲಿಲ್ಲ.

“ಇದೆಯಮ್ಮ,” ಎಂದರು.