ಸುಭದ್ರಾಬಾಯಿಯ ಎದೆಯುರಿ

ಆಳಂದದ ತೊಗರಿ ವ್ಯಾಪಾರಿ ಜಗದೇವಪ್ಪನ ಹೆಂಡತಿ ಸುಭದ್ರಾಬಾಯಿಗೆ ಯುಗಾದಿಯಿಂದ ಎದೆಯುರಿ ಹತ್ತಿಕೊಂಡಿತ್ತು. ಹುಳಿತೇಗು ಬಂದರೆ ಗಂಟಲತನಕ ಬೆಂಕಿ. ಮನೆಯಲ್ಲಿ ಅವಳ ಹೊಟ್ಟೆಯ ಸಲುವಾಗಿ ಎರಡು ಪಕ್ಷಗಳೇ ಆಗಿದ್ದವು.

"ಜೀರಗಿ ನೀರಿಗೆ ಚಿಟಿಕಿ ಸೋಡಾ ಹಾಕಿ ಕುಡಿ. ನಮ್ಮವ್ವ ದವಾಖಾನಿ ಮುಖಾನೇ ನೋಡಿದ್ದಿಲ್ಲ," ಎನ್ನುತ್ತಿದ್ದ ಜಗದೇವಪ್ಪ.

"ಯಾವ ಕಾಲದಾಗ ಅದೀರಿ ಅಪ್ಪಾ? ಗುಳಗಿ ನುಂಗಿದ್ರ ಮುಗೀತು," ಎನ್ನುತ್ತಿದ್ದ ಮಗ ಮಹೇಶಕುಮಾರ. ಮೆಡಿಕಲ್ ಅಂಗಡಿಯವ ಕೊಟ್ಟದ್ದನ್ನೆಲ್ಲ ತಂದು ಸುರಿಯುತ್ತಿದ್ದ.

ಅಪ್ಪ-ಮಗ ಗಂಗಾಳದ ಮುಂದೆ ಕೂತು ಹೀಗೆ ವಾದಿಸುವಾಗ ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ತೊಗರಿ ಖರೀದಿಯ ಅಡತಿ ಅಂಗಡಿಯಿಂದ ಅವರು ಬರುವುದೇ ಮೂರು ಗಂಟೆಗೆ. ಗಂಡಸರು ಉಣ್ಣದೆ ಹೆಂಗಸು ಉಣ್ಣಬಾರದೆಂಬುದು ಅತ್ತೆ ಹಾಕಿಹೋದ ಕಟ್ಟಳೆ. ಬೆಳಗಿನ ಚಹಾ ಬಿಟ್ಟರೆ ಅಲ್ಲಿಯತನಕ ಅವಳ ಹೊಟ್ಟೆಗೆ ಬೀಳುತ್ತಿದ್ದುದು ಗಂಡನ ಸೋಡಾ, ಮಗನ ಗುಳಿಗೆ.

ಒಂದು ದಿನ ಉರಿ ತಾಳದೆ ಒಲೆಯ ಮುಂದೆಯೇ ಕುಸಿದಳು. ಕಾರಿನಲ್ಲಿ ಕಲಬುರಗಿಗೆ ಕರೆದೊಯ್ದರು.

"ಊಟ ಎಷ್ಟೊತ್ತಿಗೆ ಮಾಡ್ತೀರಿ ಅಮ್ಮಾ?" ಡಾಕ್ಟರಮ್ಮ ಕೇಳಿದಳು.

"ಹೊತ್ತಿಗೆ ಸರಿಯಾಗಿ ಉಣ್ತಾಳ್ರಿ," ಎಂದ ಜಗದೇವಪ್ಪ.

ಸುಭದ್ರಾಬಾಯಿಗೆ ನೆತ್ತಿಗೇರಿತು. "ಸುಳ್ಳ್ರಿ! ನಾ ಯಾವಾಗ ಉಣ್ತೇನಿ ಅಂತ ಇವರಿಗೆ ಗೊತ್ತೇ ಇಲ್ಲ. ಜಿಡಗಾ ಮಠದಾಗ ದಾಸೋಹಕ್ಕ ನಿಂತು ಗುರ್ತಿಲ್ಲದವರಿಗೆ 'ಹೊಟ್ಟಿ ತುಂಬ ಉಣ್ರಿ' ಅಂತಾರ. ಮನ್ಯಾಗ ನನ್ನ ಒಂದಿನಾನೂ ಕೇಳಿಲ್ಲ!"

ಡಾಕ್ಟರಮ್ಮ ತಪಾಸಣೆ ಮಾಡಿ ಗುಳಿಗೆ ಬರೆದಳು, ಸೋಡಾ ಬಂದ್ ಮಾಡಿಸಿದಳು. ಜಗದೇವಪ್ಪನ ಕಡೆ ತಿರುಗಿ, "ದಿನಾ ಹಸಿದ ಹೊಟ್ಟೀಲಿ ದುಡಿಸಿದ್ರ ನನ್ನ ಗುಳಗೀನೂ ನಾಟೂದಿಲ್ಲ. ಹೊತ್ತಿಗೆ ಊಟ ಆಗ್ಬೇಕು," ಎಂದಳು.

ಆಳಂದಕ್ಕೆ ಮರಳುವ ದಾರಿಯಲ್ಲಿ ಕಾರು ಕಡಗಂಚಿ ದಾಟಿತು.

"ಪರರ ಮುಂದ ನನ್ನ ಮರ್ಯಾದಿ ತಗದಿ," ಎಂದ ಜಗದೇವಪ್ಪ.

"ಉರಿ ಹತ್ತಿದ್ರ ಸೋಡಾ ಕುಡೀರಿ."

ಮುಂದೆ ಕೂತಿದ್ದ ಮಹೇಶಕುಮಾರನಿಗೆ ನಗು ಬಂತು. "ನೀ ಏನ್ ನಗ್ತಿಲೇ?" ಎಂದು ಅವನನ್ನೂ ಗದರಿದಳು. "ಉಂಡಿಯೇನವ್ವಾ ಅಂತ ಕೇಳಾಕ ಗುಳಗೀಗಿಂತ ಹೆಚ್ಚು ಖರ್ಚಾಗ್ತಿತ್ತೇನು?"

ಮರುದಿನ ನಡು ಮಧ್ಯಾಹ್ನಕ್ಕೇ ರೊಟ್ಟಿ, ಬೇಳೆ, ಮಜ್ಜಿಗೆ ಬಡಿಸಿಕೊಂಡು ಕೂತಳು. ಎರಡು ತುತ್ತು ಇಳಿದಿರಲಿಲ್ಲ, ಅಂದು ಅಪ್ಪ-ಮಗ ಹೊತ್ತಿಗೆ ಮುಂಚೆಯೇ ಬಂದರು. ಜಗದೇವಪ್ಪ ಬಾಗಿಲಲ್ಲೇ ನಿಂತು, ಅವಳು ಏಳುತ್ತಾಳೆಂದು ಕಾದ. ಅವಳು ಏಳಲಿಲ್ಲ.

"ಬುಟ್ಟ್ಯಾಗ ರೊಟ್ಟಿ ಅವ. ಬಡಿಸ್ಕೋರಿ."

ಮಹೇಶಕುಮಾರ ಸದ್ದಿಲ್ಲದೆ ಅಡುಗೆಮನೆಗೆ ಹೋಗಿ ಎರಡು ಗಂಗಾಳ ತಂದ. ಜಗದೇವಪ್ಪ ಮುಖ ಗಂಟು ಹಾಕಿಕೊಂಡೇ ಕೆಳಗೆ ಕೂತ. ಸುಭದ್ರಾಬಾಯಿ ಮತ್ತೊಂದು ರೊಟ್ಟಿ ಮುರಿದಳು.