ತಕ್ಕಡಿ ಮನೆತನದ ಮೊದಲ ಪುಟ

ಐದು ವರ್ಷದ ಹಿಂದೆ ಮದುವೆಯಾದಾಗ ನನ್ನ ತಂಗಿಯ ಹೆಸರಿನ ಪಕ್ಕ ‘ತಕ್ಕಡಿ’ ಬಂದು ಕೂತಿತು. ಇಡೀ ಊರಿನಲ್ಲಿ ಆ ಅಡ್ಡಹೆಸರಿನದು ಒಂದೇ ಮನೆ. ನಮ್ಮ ಅಡ್ಡಹೆಸರಿನವರೋ, ನನ್ನ ಕಚೇರಿಯಲ್ಲೇ ಏಳು ಜನ. ಯಾರಾದರೂ ಕೂಗಿದರೆ ಏಳು ತಲೆ ಒಟ್ಟಿಗೆ ಮೇಲೇಳುತ್ತವೆ. ನನಗೆ ಹೊಟ್ಟೆಕಿಚ್ಚು, ಸುಳ್ಳೇಕೆ ಹೇಳಲಿ?

“ನಮ್ಮದು ನ್ಯಾಯ ತೂಗಿದ ವಂಶ,” ಎಂದು ಅವಳ ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಕೇಳಿ ಕೇಳಿ ತಂಗಿಯ ನಡಿಗೆಯೇ ಬದಲಾಯಿತು. ನನ್ನ ಹಳೇ ಚಪ್ಪಲಿ ಹಾಕಿಕೊಂಡು ಬೆಳೆದವಳು ಈಗ ಬಾಗಿಲಿನ ಹಿತ್ತಾಳೆ ಫಲಕವನ್ನು ದಿನಾ ಉಜ್ಜುತ್ತಾಳೆ. ನಾನು ಮಾತ್ರ ನಾವಿಬ್ಬರೂ ಬೆಳೆದ ಬಾವಿ ಓಣಿಯ ಅದೇ ಮೂಲೆಮನೆಯಲ್ಲಿ, ತಲೆತಲಾಂತರದಿಂದ ಬೀಗ ರಿಪೇರಿ ಮಾಡಿದ ಹಿರಿಯರ ತುಕ್ಕು ಹಿಡಿದ ಬೀಗಗಳ ಜೊತೆ ಇದ್ದೇನೆ.

ಪುರಸಭೆಯಲ್ಲಿ ಹಳೆಯ ಜನನ ರಿಜಿಸ್ಟರುಗಳನ್ನು ದುರಸ್ತಿ ಮಾಡಿ ರಟ್ಟು ಕಟ್ಟುವುದು ನನ್ನ ಕೆಲಸ. ಒಂದು ದಿನ ತಂಗಿ ಬಂದಳು.

“ಅಕ್ಕಾ, ನಮ್ಮ ಹೆಸರು ಎಲ್ಲಿಂದ ಬಂತು ಅಂತ ಹುಡುಕಿಕೊಡೇ. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕ್ತೀವಿ.”

‘ನಮ್ಮ’ ಅಂತೆ! ಆ ಮಾತಿನೊಳಗೆ ನಾನಿರಲಿಲ್ಲ.

ಮೂರು ವಾರ ಧೂಳು ಕುಡಿದ ಮೇಲೆ ಸಿಕ್ಕಿತು. “ಗಂಡು ಮಗು. ಮಾರುಕಟ್ಟೆಯ ದೊಡ್ಡ ತಕ್ಕಡಿಯ ತಟ್ಟೆಯಲ್ಲಿ ಸಿಕ್ಕಿದ್ದು. ತಂದೆತಾಯಿ ಗೊತ್ತಿಲ್ಲ. ಅಡ್ಡಹೆಸರು: ತಕ್ಕಡಿ.”

ಆಗಿನ ಗುಮಾಸ್ತರ ಪದ್ಧತಿ ನನಗೆ ಗೊತ್ತಿತ್ತು. ಅನಾಥ ಮಗುವಿಗೆ ಎತ್ತಿ ತಂದವರ ಅಡ್ಡಹೆಸರು ಬರೆಯುವುದು. ಅವರು ಒಲ್ಲೆನೆಂದರೆ ಮಗು ಮಲಗಿದ್ದ ವಸ್ತುವಿನ ಹೆಸರು. ನ್ಯಾಯವಂತೆ, ವಂಶವಂತೆ! ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಉಳಿದ ವಿವರ ಪುಟದ ಹಿಂಬದಿಯಲ್ಲಿತ್ತು, ಆ ಬದಿ ಮುಂದಿನ ಪುಟಕ್ಕೆ ಅಂಟಿಕೊಂಡಿತ್ತು. ಅಂಟಿದ ಪುಟ ಬಿಡಿಸುವುದೇ ನನ್ನ ಕಸುಬು. ಆದರೆ ಅವಳ ಮುಖ ಬಾಡುವುದನ್ನು ನೋಡುವ ಆತುರದಲ್ಲಿ ಬಿಡಿಸದೆ ಫೋನ್ ಮಾಡಿದೆ.

“ಅತ್ತೇನೂ ಕರ್ಕೊಂಡು ಬಾ,” ಎಂದೆ.

ಬಂದರು. ಒಂದೊಂದೇ ಅಕ್ಷರ ಚಪ್ಪರಿಸಿ ಓದಿದೆ. ತಂಗಿಯ ಮುಖ ಸಪ್ಪಗಾಯಿತು. ಅವಳ ಅತ್ತೆ ಮಾತ್ರ ಆ ಸಾಲನ್ನು ಬೆರಳಿನಿಂದ ಸವರಿದರು.

“ಅಯ್ಯೋ ಕಂದಾ, ಆ ತಣ್ಣನೆ ತಟ್ಟೇಲಿ ಮಲಗಿದ್ಯಾ? ಯಾರೋ ಪುಣ್ಯಾತ್ಮರು ಎತ್ಕೊಂಡ್ರಲ್ಲ. ಯಾರಮ್ಮಾ ಅವರು?”

ತಪ್ಪಿಸಿಕೊಳ್ಳುವಂತಿರಲಿಲ್ಲ. ಒದ್ದೆ ಬಟ್ಟೆ ಒತ್ತಿ, ತೆಳು ಚಾಕುವಿನಿಂದ ಪುಟ ಬಿಡಿಸಿದೆ. “ಎತ್ತಿ ತಂದವರು: ಬೀಗ ರಿಪೇರಿಯವರು, ಬಾವಿ ಓಣಿ, ಮೂಲೆಮನೆ...” ಅಲ್ಲಿಗೇ ನಿಲ್ಲಿಸಿ ಪುಟ ಮುಚ್ಚಹೋದೆ.

ಮುಂದಿನದನ್ನು ತಂಗಿ ಓದಿದಳು. “ಮಗುವಿಗೆ ತಮ್ಮ ಹೆಸರು ಕೊಡಲು ಒಪ್ಪಿಲ್ಲ.”

ಅವಳ ಅತ್ತೆ ಪುಟದ ಮೇಲಿನ ಧೂಳನ್ನು ಸೆರಗಿನಿಂದ ಮೆಲ್ಲಗೆ ಒರೆಸಿದರು. ಬೈದಿದ್ದರೆ ಚೆನ್ನಾಗಿತ್ತು. ನಮ್ಮವರು ಕೊಡಲು ಒಲ್ಲೆ ಎಂದದ್ದಕ್ಕೇ ಹುಟ್ಟಿದ ಹೆಸರಿಗಾಗಿ ನಾನು ಐದು ವರ್ಷ ಉರಿದಿದ್ದೆ.

ತಂಗಿ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು, “ಅಕ್ಕಾ, ಈ ಮೂಲೆಮನೆ ನಮ್ಮನೆ ಅಲ್ವಾ?”

ಐದು ವರ್ಷದ ಮೇಲೆ ಅವಳ ‘ನಮ್ಮ’ದೊಳಗೆ ನನ್ನನ್ನು ಸೇರಿಸಿಕೊಂಡಿದ್ದಳು. ಅದೂ ಇದಕ್ಕೆ.